ಚಿತ್ರದುರ್ಗದ ನಲ್ಲಿ ನೀರು ಮತ್ತು ಎರಡು ಸರಳುಗಳ ಆಟ

ಚಿತ್ರದುರ್ಗದಿಂದ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಫಿಲ್ಟರ್ ಮಾರುವ ಹುಡುಗನೊಬ್ಬ ಮನೆಗೆ ಬಂದು, ಒಂದು ಲೋಟಕ್ಕೆ ಅವರ ನಲ್ಲಿಯ ನೀರನ್ನೂ ಇನ್ನೊಂದಕ್ಕೆ ತಾನು ತಂದ ಆರ್‌ಒ ನೀರನ್ನೂ ತುಂಬಿದನಂತೆ. ಲೋಹದ ಸರಳುಗಳಿದ್ದ ಒಂದು ಸಾಧನವನ್ನು ಎರಡೂ ಲೋಟಗಳಿಗೆ ಇಳಿಬಿಟ್ಟು ಕರೆಂಟ್ ಹಾಯಿಸಿದ. ನೋಡನೋಡುತ್ತಿದ್ದಂತೆ ನಲ್ಲಿ ನೀರು ಕಂದಾಗಿ ಗಸಿ ಕಟ್ಟಿತು, ಅವನ ನೀರು ತಿಳಿಯಾಗಿಯೇ ಉಳಿಯಿತು. ‘ಇಷ್ಟು ವರ್ಷ ನಾವು ಕುಡಿದದ್ದು ಈ ಗಸಿಯನ್ನೇ?’ ಎಂದು ಕೇಳಿದ್ದಾರೆ.

ಖಂಡಿತ ಇಲ್ಲ. ಆ ಗಸಿ ಹೊರಟದ್ದು ಸರಳಿನಿಂದ. ಸರಳುಗಳಲ್ಲಿ ಒಂದು ಕಬ್ಬಿಣದ್ದು. ನೀರಿನಲ್ಲಿ ಲವಣಗಳಿದ್ದರೆ ಅದರ ಮೂಲಕ ವಿದ್ಯುತ್ ಹರಿಯುತ್ತದೆ, ಕಬ್ಬಿಣ ಕರಗುತ್ತದೆ, ತುಕ್ಕಿನ ಬಣ್ಣದ ಹೈಡ್ರಾಕ್ಸೈಡ್ ಆಗಿ ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ, ಹಾಗಾಗಿ ಕರೆಂಟೂ ಹೆಚ್ಚು ಹರಿಯದು, ಬಣ್ಣವೂ ಏಳದು. ಅವನು ಮತ್ತೆ ಬಂದರೆ ‘ನಿನ್ನ ಲೋಟಕ್ಕೂ ಒಂದು ಚಿಟಿಕೆ ಉಪ್ಪು ಹಾಕಿ ತೋರಿಸಪ್ಪಾ’ ಅನ್ನಿ. ಅವನ ಶುದ್ಧ ನೀರೂ ಕಂದಾಗುತ್ತದೆ. (ನೀವಾಗಿ ಮಾಡಲು ಹೋಗಬೇಡಿ, ಮನೆಯ ಕರೆಂಟಿನ ಜತೆ ಆಟ ಬೇಡ.) ಇಂಥ ಪ್ರದರ್ಶನವನ್ನು ಮೋಸ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಹಾಗಂತ ಚಿತ್ರದುರ್ಗದವರು ಗಡಸು ನೀರಿನ ಬಗ್ಗೆ ಗೊಣಗುವುದು ಸುಳ್ಳಲ್ಲ. ನಗರಕ್ಕೆ ನೀರು ಬರುವುದು ಮುಖ್ಯವಾಗಿ ವಾಣಿವಿಲಾಸ ಸಾಗರ ಮತ್ತು ಶಾಂತಿಸಾಗರದಿಂದ. ಅದು ಸಾಲದಾದಾಗ ಮನೆಮನೆಗೂ ಬೋರ್‌ವೆಲ್ಲೇ ಗತಿ. ಕೋಟೆಯ ಮೇಲಿನ ಹೊಂಡಗಳಲ್ಲಿ ನಿಲ್ಲುವುದು ಗ್ರಾನೈಟ್ ಬಂಡೆಯ ಮೇಲೆ ಬಿದ್ದು ಹರಿದ ಮಳೆ. ಅದಕ್ಕೆ ಕಲ್ಲನ್ನು ಕರಗಿಸಿಕೊಳ್ಳುವಷ್ಟು ಪುರುಸೊತ್ತಿಲ್ಲ. ಬೋರ್‌ವೆಲ್ ನೀರು ಹಾಗಲ್ಲ. ಮಣ್ಣಿನಲ್ಲಿ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿ ಅಲ್ಪ ಆಮ್ಲೀಯವಾಗಿ, ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಕರಗಿಸಿಕೊಳ್ಳುತ್ತದೆ. ಭೂವಿಜ್ಞಾನಿಗಳು ಚಿತ್ರದುರ್ಗದ ಹೆಸರಿನಿಂದಲೇ ಕರೆಯುವ ಶಿಸ್ಟ್ ಪಟ್ಟಿಯಲ್ಲಿ ಸುಣ್ಣಕಲ್ಲು, ಡಾಲಮೈಟ್, ಹಳೆಯ ಲಾವಾ ಶಿಲೆಗಳೆಲ್ಲ ಇರುವುದರಿಂದ ಈ ಎರಡಕ್ಕೂ ಅಲ್ಲಿ ಬರವಿಲ್ಲ. ಸೋಪು ನೊರೆ ಕೊಡದಿರುವುದು, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ, ಎಷ್ಟು ಬೇಯಿಸಿದರೂ ಬೇಯದ ತೊಗರಿಬೇಳೆ, ಎಲ್ಲಕ್ಕೂ ಇವೇ ಕಾರಣ. ಬೇಳೆಯ ಜೀವಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿಯುತ್ತದೆ.

ನೀರನ್ನು ಕುದಿಸಿದರೆ ತಳದಲ್ಲಿ ಸುಣ್ಣ ಕೂರುವುದೇಕೆ ಎಂಬುದನ್ನು ಮೊದಲು ಬಿಡಿಸಿದ್ದು ಹೆನ್ರಿ ಕ್ಯಾವೆಂಡಿಶ್, ಹೈಡ್ರೋಜನ್ನಿನ ಗುಣಗಳನ್ನು ಅಳೆದು ಹೇಳಿದ ಅದೇ ನಾಚಿಕೆಯ ಮನುಷ್ಯ. 1767ರಲ್ಲಿ ಆತ ಲಂಡನ್ನಿನ ರಾತ್‌ಬೋನ್ ಪ್ಲೇಸ್ ಎಂಬಲ್ಲಿನ ಪಂಪಿನ ನೀರನ್ನು ಪರೀಕ್ಷಿಸಿ ಪ್ರಬಂಧ ಬರೆದ. ನೀರಿನಲ್ಲಿ ಸುಣ್ಣವನ್ನು ಹಿಡಿದಿಟ್ಟಿರುವುದು ಇಂಗಾಲದ ಡೈಆಕ್ಸೈಡ್ (ಆಗ ಅದಕ್ಕೆ ಬೇರೆ ಹೆಸರಿತ್ತು), ಕುದಿಸಿದಾಗ ಅನಿಲ ಹಾರಿಹೋಗುತ್ತದೆ, ಆಸರೆ ತಪ್ಪಿದ ಸುಣ್ಣ ತಳ ಸೇರುತ್ತದೆ ಎಂದು ತೋರಿಸಿದ. ನನಗೆ ಇಷ್ಟವಾಗುವುದು ಮುಂದಿನ ಹೆಜ್ಜೆ. ಅನಿಲ ಹೆಚ್ಚಿರುವುದರಿಂದ ತಾನೇ ಸುಣ್ಣ ಕರಗಿರುವುದು? ಹಾಗಾದರೆ ಆ ನೀರಿಗೆ ಇನ್ನಷ್ಟು ಸುಣ್ಣದ ತಿಳಿ ಹಾಕಿದರೆ ಅದು ಹೆಚ್ಚುವರಿ ಅನಿಲವನ್ನು ಕಬಳಿಸಿ, ಹಾಕಿದ ಸುಣ್ಣವೂ ಮೊದಲೇ ಇದ್ದ ಸುಣ್ಣವೂ ಒಟ್ಟಿಗೆ ಕೆಳಗಿಳಿಯಬೇಕು. ಇಳಿಯಿತು! ಸುಣ್ಣ ಹಾಕಿ ಸುಣ್ಣ ತೆಗೆಯುವ ಈ ಉಪಾಯಕ್ಕೆ ಅಬರ್ಡೀನಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ 1841ರಲ್ಲಿ ಪೇಟೆಂಟ್ ಪಡೆದ. ಗಡಸುತನವನ್ನು ಸೋಪಿನ ದ್ರಾವಣದಿಂದ ಅಳೆಯುವ ಕ್ರಮವೂ ಅವನದೇ. ನೊರೆ ನಿಲ್ಲುವತನಕ ಸೋಪು ಹಾಕುತ್ತಾ ಹೋಗುವುದು, ಖರ್ಚಾದ ಸೋಪೇ ಲೆಕ್ಕ. ಊರಿಗೆಲ್ಲ ನೀರು ಮೆದುಮಾಡುವ ದೊಡ್ಡ ಘಟಕಗಳಲ್ಲಿ ಸುಣ್ಣ ಇಂದಿಗೂ ಬಳಕೆಯಲ್ಲಿದೆ.

ಆರೋಗ್ಯದ ಮಾತಿಗೆ ಬರೋಣ. ಭಾರತೀಯ ಮಾನಕ (ಐಎಸ್ 10500) ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಒಪ್ಪುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ಹಾಕಿಲ್ಲ. ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆಯಿಲ್ಲ. ಸಾಕಷ್ಟು ನೀರು ಕುಡಿಯದಿರುವುದು ಕಲ್ಲಿಗೆ ಅದಕ್ಕಿಂತ ದೊಡ್ಡ ಕಾರಣ.

ಹೆದರಬೇಕಾದವು ಬೇರೆ ಇವೆ, ಅವಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಅದನ್ನು ವರ್ಷಗಟ್ಟಲೆ ಮೀರಿದರೆ ಮೊದಲು ಮಕ್ಕಳ ಹಲ್ಲು, ಆಮೇಲೆ ಮೂಳೆ ಕೆಡುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಇಲ್ಲೊಂದು ವಿಪರ್ಯಾಸವಿದೆ. ಕ್ಯಾಲ್ಸಿಯಂ ಹೇರಳವಾಗಿದ್ದರೆ ಫ್ಲೋರೈಡ್ ಅದರೊಂದಿಗೆ ಕೂಡಿ ನೆಲದಾಳದಲ್ಲೇ ಕೂತುಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ, ಸೋಡಿಯಂ ಹೆಚ್ಚಿರುವ ಮೆದು ನೀರಿನಲ್ಲೇ ಅದು ಸಲೀಸಾಗಿ ಉಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಸೋಪು ಚೆನ್ನಾಗಿ ನೊರೆ ಬರುತ್ತದೆಂದು ಹಿಗ್ಗುವ ಮುನ್ನ ಇದು ನೆನಪಿರಲಿ.

ಮಾರಾಟಗಾರರ ಇನ್ನೊಂದು ಅಸ್ತ್ರ, ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತ ತೋರಿಸುವ ಪೆನ್ನಿನಂಥ ಟಿಡಿಎಸ್ ಮೀಟರ್. ಅದು ಮೂಟೆಯ ತೂಕ ಹೇಳುವ ತಕ್ಕಡಿ. ಒಳಗಿರುವುದು ರಾಗಿಯೋ ಮರಳೋ ಅದಕ್ಕೆ ಗೊತ್ತಿಲ್ಲ, ಒಂದು ಹಿಡಿ ವಿಷ ಬೆರೆತಿದ್ದರೂ ಮುಳ್ಳು ಅಲ್ಲಾಡದು. ಎರಡು ಮಿಲಿಗ್ರಾಂ ಫ್ಲೋರೈಡ್ ಅದರ ಅಂಕಿಯಲ್ಲಿ ಕಳೆದುಹೋಗುತ್ತದೆ, ಬ್ಯಾಕ್ಟೀರಿಯಾವಂತೂ ಕಾಣುವುದೇ ಇಲ್ಲ. ಫ್ಲೋರೈಡ್ ಹೆಚ್ಚಿದ್ದರೆ ಆರ್‌ಒ ನಿಜಕ್ಕೂ ಬೇಕು. ಇಲ್ಲದಿದ್ದರೆ, ಒಂದು ಲೀಟರ್ ಕೊಟ್ಟು ಎರಡು-ಮೂರು ಲೀಟರ್ ಮೋರಿಗೆ ಬಿಡುವ ಯಂತ್ರ ಬರಗಾಲದ ಜಿಲ್ಲೆಗೆ ದುಬಾರಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಿ. ನಲ್ಲಿ ನೀರನ್ನೂ ಬೋರ್‌ವೆಲ್ ನೀರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್, ಇ. ಕೋಲಿ ಪರೀಕ್ಷೆ ಕೇಳಿ. ಕೊನೆಯದಕ್ಕೆ ಮಾತ್ರ ಅವರಿಂದಲೇ ಕ್ರಿಮಿಶುದ್ಧ ಬಾಟಲಿ ಪಡೆದು, ನೀರು ಹಿಡಿದ ದಿನವೇ ತಲುಪಿಸಬೇಕು.