ಕಡಲ ಚಿಟ್ಟೆಗೆ ಸುಣ್ಣದ ಬರ

ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಇದರಿಂದ ಭೂಮಿಯ ಬಿಸಿ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಕಾಮರ್ಸ್ ಓದುವವರಿಗೆ ಗೊತ್ತೇ ಇದೆ, ಒಂದು ಖಾತೆಯಲ್ಲಿ ಕ್ರೆಡಿಟ್ ಬರೆದರೆ ಇನ್ನೊಂದರಲ್ಲಿ ಡೆಬಿಟ್ ಬರೆಯಲೇಬೇಕು. ಇಲ್ಲಿ ಲೆಕ್ಕ ತುಂಬುತ್ತಿರುವುದು ಕಣ್ಣಿಗೆ ಸರಿಯಾಗಿ ಕಾಣದ ಪ್ಲವಕ ಜೀವಿಗಳು, ಅಂದರೆ ನೀರಿನ ಹರಿವಿನ ಜೊತೆ ತೇಲಿ ಬದುಕುವ ಜೀವಿಗಳು.

ಅವುಗಳಲ್ಲಿ ಒಂದು ಕಡಲ ಚಿಟ್ಟೆ. ಹೆಸರು ಚಿಟ್ಟೆಯಾದರೂ ಇದು ಬಸವನಹುಳುವಿನ ಬಳಗದ್ದು. ವಿಜ್ಞಾನಿಗಳು ಟೆರೋಪಾಡ್ ಎನ್ನುತ್ತಾರೆ. ತೆವಳಬೇಕಾದ ಪಾದವೇ ಎರಡು ರೆಕ್ಕೆಗಳಾಗಿ, ನೀರಿನಲ್ಲಿ ಹಾರಿದಂತೆ ಈಜುತ್ತದೆ. ಚಿಪ್ಪು ಹೆಚ್ಚಿನವಕ್ಕೆ ಕೆಲವೇ ಮಿಲಿಮೀಟರ್. ಅದರ ಫೋಟೋ ತೋರಿಸಿದಾಗ ನಮ್ಮ ಅಮ್ಮಿ, ಇದು ಸೀಪಿಯಲ್ಲ, ಶೀಶಾ ಎಂದರು. ಚಿಪ್ಪಲ್ಲ, ಗಾಜು ಎಂದು. ಅಷ್ಟು ತೆಳು.

ಈಗ ರಸಾಯನಶಾಸ್ತ್ರ. ಸೈನ್ಸ್ ವಿಭಾಗದ ಗೆಳೆಯರು ತಪ್ಪಿದ್ದರೆ ತಿದ್ದಬಹುದು! ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಬೆರೆತರೆ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಹೈಡ್ರೋಜನ್ ಅಯಾನುಗಳನ್ನು ಬಿಡುತ್ತದೆ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡೂ ಬೇಕು. ಕ್ಯಾಲ್ಸಿಯಂ ಸಮುದ್ರದಲ್ಲಿ ಧಾರಾಳ. ಆದರೆ ಹೊಸದಾಗಿ ಬಂದ ಹೈಡ್ರೋಜನ್ ಹೋಗಿ ಕಾರ್ಬೊನೇಟನ್ನೇ ಹಿಡಿದುಕೊಂಡು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಸರಕು ಗೋದಾಮಿನಲ್ಲಿದೆ, ಆದರೆ ಬೇರೆಯವರು ಮುಂಗಡ ಕೊಟ್ಟು ಹಿಡಿದಿಟ್ಟಿದ್ದಾರೆ ಎಂಬ ಸ್ಥಿತಿ. ಕಾರ್ಬೊನೇಟ್ ತೀರಾ ಕಡಿಮೆಯಾದಾಗ ಕಟ್ಟಿದ ಚಿಪ್ಪೇ ಕರಗತೊಡಗುತ್ತದೆ.

ಹಾಗೆಂದು ಸಮುದ್ರದ ನೀರು ಆಸಿಡ್ ಆಗಿಬಿಟ್ಟಿದೆ ಎಂದಲ್ಲ. ಅದು ಇನ್ನೂ ಪ್ರತ್ಯಾಮ್ಲೀಯವೇ. ಕೈಗಾರಿಕೆಗಳು ಬರುವ ಮೊದಲು ಮೇಲ್ಮೈ ನೀರಿನ ಪಿಎಚ್ ಸುಮಾರು 8.2 ಇತ್ತು, ಈಗ ಸುಮಾರು 8.1. ಇಷ್ಟೇನಾ ಎನಿಸುತ್ತದೆ. ಆದರೆ ಪಿಎಚ್ ಲಾಗರಿದಮ್ ಅಳತೆ. ಹೈಡ್ರೋಜನ್ ಅಯಾನುಗಳು ಹೆಚ್ಚಿರುವುದು ಶೇ. 30ರ ಹತ್ತಿರ.

ತಣ್ಣನೆಯ ನೀರು ಈ ಅನಿಲವನ್ನು ಹೆಚ್ಚು ಹೀರುವುದರಿಂದ ಧ್ರುವದ ಕಡಲುಗಳಿಗೆ ಮೊದಲ ಪೆಟ್ಟು. ಜೊತೆಗೆ ಕಡಲ ಚಿಟ್ಟೆಯ ಚಿಪ್ಪು ಅರಗೊನೈಟ್ ಎಂಬ ಬೇಗ ಕರಗುವ ಬಗೆಯ ಸುಣ್ಣದ್ದು. 2008ರಲ್ಲಿ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಿಂದ ಹಿಡಿದು ತಂದ ಕಡಲ ಚಿಟ್ಟೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೆಲವದರ ಚಿಪ್ಪು ಜೀವ ಇರುವಾಗಲೇ ಸವೆದುಹೋಗಿತ್ತು. ಈ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಚಿಪ್ಪಿಗೆ ತೇಪೆ ಹಾಕಿಕೊಳ್ಳಲು ಈ ಜೀವಿಗೆ ಬರುತ್ತದೆ, ಆದರೆ ಅದಕ್ಕೂ ಶಕ್ತಿ ಖರ್ಚು. ಅಷ್ಟು ಶಕ್ತಿ ಬೆಳವಣಿಗೆಗೆ, ಮೊಟ್ಟೆಗೆ ಸಿಗುವುದಿಲ್ಲ.

ಹಳೆಯ ಲೆಕ್ಕ ಸಿಕ್ಕಿರುವುದು ಇನ್ನೊಂದು ಪ್ಲವಕದಲ್ಲಿ, ಅದು ಫೊರಾಮಿನಿಫೆರಾ. 1872ರಿಂದ 1876ರವರೆಗೆ ಸಾಗರ ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ತಂದ ಚಿಪ್ಪುಗಳನ್ನು ಇತ್ತೀಚೆಗೆ ತಾರಾ ನೌಕೆ ಪೆಸಿಫಿಕ್‌ನಲ್ಲಿ ಹಿಡಿದವುಗಳ ಜೊತೆ ಹೋಲಿಸಿದರು. ಈಗಿನವು ತೆಳು, ಒಂದು ಜಾತಿಯಲ್ಲಿ ಶೇ. 76ರವರೆಗೆ! ನೀರು ಬಿಸಿಯಾಗಿರುವುದೂ ಕಾರಣವಿರಬಹುದು, ಎಲ್ಲವನ್ನೂ ಆಮ್ಲದ ತಲೆಗೆ ಕಟ್ಟುವಂತಿಲ್ಲ.

ಉತ್ತರ ಪೆಸಿಫಿಕ್‌ನಲ್ಲಿ ಗುಲಾಬಿ ಸಾಲ್ಮನ್ ಮರಿಗಳು ಕಡಲ ಚಿಟ್ಟೆಯನ್ನೂ ತಿಂದು ಬೆಳೆಯುತ್ತವೆ. ಆ ಮೀನನ್ನು ನಂಬಿ ಮೀನುಗಾರರ ಮನೆಗಳಿವೆ.

ಸಮುದ್ರ ತಾನಾಗಿಯೇ ಸರಿಹೋಗುವುದಿಲ್ಲವೇ? ಹೋಗುತ್ತದೆ. ತಳದಲ್ಲಿ ಬಿದ್ದಿರುವ ಸುಣ್ಣ ನಿಧಾನವಾಗಿ ಕರಗಿ ಆಮ್ಲವನ್ನು ತಣಿಸುತ್ತದೆ. ಅದಕ್ಕೆ ಸಾವಿರಾರು ವರ್ಷ ಬೇಕು. ಕಡಲ ಚಿಟ್ಟೆ ಬದುಕುವುದು ಕೆಲವೇ ವರ್ಷ.