ಮಾಜಿ ಸೈನಿಕರ ಮನಸ್ಸು: ನಂಬಿಕೆ ಯಾವುದು, ನಿಜ ಯಾವುದು?

ಬೆಳಗಾವಿ, ಬಾಗಲಕೋಟೆ, ಧಾರವಾಡ ಕಡೆಯ ಊರುಗಳಲ್ಲಿ ಸೇನೆಯಿಂದ ನಿವೃತ್ತರಾಗಿ ಬರುವವರನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಕರೆತರುವುದು ಈಗ ರೂಢಿ. ಡೊಳ್ಳು, ಆರತಿ, ಹೂಮಳೆ, ಶಾಲೆ ಮಕ್ಕಳ ಜೈಕಾರ. ಕೊಡಗಿನಲ್ಲಂತೂ ಸೇನೆಯ ನಂಟಿಲ್ಲದ ಮನೆತನ ಸಿಗುವುದೇ ಅಪರೂಪ. ಈ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ಅದೇ ಗೌರವ ಎಷ್ಟೋ ಸಲ ಅವರ ಬಾಯಿ ಕಟ್ಟುತ್ತದೆ. ಊರೆಲ್ಲ ಹುಲಿ ಎಂದು ಕೊಂಡಾಡಿದ ಮನುಷ್ಯ, ರಾತ್ರಿ ನಿದ್ದೆ ಹತ್ತುತ್ತಿಲ್ಲ, ಸುಮ್ಮನೆ ಕೂತಲ್ಲೇ ಎದೆ ಹೊಡೆದುಕೊಳ್ಳುತ್ತದೆ ಎಂದು ಯಾರ ಮುಂದೆ ಹೇಳಿಕೊಳ್ಳಬೇಕು? ಅವರ ಸುತ್ತ ನಾವೇ ಕಟ್ಟಿದ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಲೇಬೇಕಾಗಿದೆ.

ತಪ್ಪು ಕಲ್ಪನೆ 1: ಯೋಧನ ಮನಸ್ಸು ಕಲ್ಲಿನಂಥದ್ದು. ಕುಗ್ಗಿದರೆ ಅದು ಹೇಡಿತನ.

ಸತ್ಯ: ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯೂ ಹೀಗೇ ನಂಬಿತ್ತು. ಶೆಲ್ ದಾಳಿಗೆ ಸಿಕ್ಕಿ ಬಂದ ಸೈನಿಕರ ಮೈ ನಡುಗುತ್ತಿತ್ತು, ಕೆಲವರ ಮಾತೇ ನಿಂತುಹೋಗುತ್ತಿತ್ತು. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 1915ರಲ್ಲಿ 'ಶೆಲ್ ಶಾಕ್' ಎಂಬ ಹೆಸರಿನಡಿ ಇಂಥ ತೊಂದರೆಗಳ ಬಗ್ಗೆ ಬರೆದರು. ಆದರೂ ರಣರಂಗ ಬಿಟ್ಟು ಹೋದರು, ಹೇಡಿಗಳಾದರು ಎಂಬ ಆರೋಪ ಹೊರಿಸಿ ಆ ಸೇನೆ ತನ್ನದೇ ಸೈನಿಕರನ್ನು ಗುಂಡಿಕ್ಕಿ ಕೊಂದಿತು. ಹಾಗೆ ಸತ್ತವರಲ್ಲಿ 306 ಮಂದಿಗೆ ಬ್ರಿಟನ್ ಕ್ಷಮಾದಾನ ಕೊಟ್ಟದ್ದು 2006ರಲ್ಲಿ, ಸುಮಾರು ತೊಂಬತ್ತು ವರ್ಷ ತಡವಾಗಿ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ಫಲವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಇಂದು ನಾವು ಪಿಟಿಎಸ್‌ಡಿ ಎಂದು ಕರೆಯುವ ಆಘಾತದ ಕಾಯಿಲೆ ಅದೇ.

ಅಪಾಯ ಎದುರಾದಾಗ ಮೆದುಳು ಕ್ಷಣಾರ್ಧದಲ್ಲಿ ದೇಹವನ್ನು ಸಜ್ಜುಗೊಳಿಸುತ್ತದೆ. ಎದೆಬಡಿತ ಏರುತ್ತದೆ, ಕಿವಿ ಚುರುಕಾಗುತ್ತದೆ, ನಿದ್ದೆ ದೂರವಾಗುತ್ತದೆ. ಗಡಿಯಲ್ಲಿ ಜೀವ ಉಳಿಸಿದ್ದು ಈ ಎಚ್ಚರವೇ. ಮನೆಗೆ ಬಂದು ತಿಂಗಳುಗಳಾದರೂ ಅದು ಇಳಿಯದಿದ್ದಾಗ ಕಾಯಿಲೆಯಾಗುತ್ತದೆ. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿಯೇ ಕೂರುವುದು, ಮಲಗಿದ ಮೇಲೂ ಎದ್ದೆದ್ದು ಚಿಲಕ ನೋಡುವುದು, ಕುಕ್ಕರ್ ಸೀಟಿಗೂ ಬೆಚ್ಚುವುದು ಮನೆಯವರ ಕಣ್ಣಿಗೆ ಮೊದಲು ಬೀಳುವ ಲಕ್ಷಣಗಳು.

ತಪ್ಪು ಕಲ್ಪನೆ 2: ಯುದ್ಧವನ್ನೇ ನೋಡದವರಿಗೆ ಏನಾಗಲು ಸಾಧ್ಯ?

ಸತ್ಯ: ಗುಂಡು ಹಾರಿಸಿದವರಿಗಷ್ಟೇ ಆಘಾತವಾಗುತ್ತದೆ ಎಂದೇನಿಲ್ಲ. ಹಿಮಕುಸಿತದಡಿ ಸಿಕ್ಕ ಜೊತೆಗಾರನನ್ನು ಅಗೆದು ತೆಗೆದವರು, ಗಾಯಾಳುಗಳನ್ನು ಹೊತ್ತ ನರ್ಸಿಂಗ್ ಸಹಾಯಕರು, ಮೃತದೇಹಗಳನ್ನು ಸಾಗಿಸಿದ ಚಾಲಕರು, ನೆರೆ ಮತ್ತು ಭೂಕುಸಿತದ ಊರುಗಳಲ್ಲಿ ರಕ್ಷಣೆಗೆ ಇಳಿದವರು, ಇವರೆಲ್ಲರ ಮನಸ್ಸಿನಲ್ಲೂ ಕಂಡದ್ದು ಉಳಿಯುತ್ತದೆ. ಜೊತೆಯಲ್ಲಿದ್ದವನು ಹೋದ, ನಾನು ಮಾತ್ರ ಉಳಿದೆ ಎಂಬ ಅಪರಾಧ ಭಾವವೂ ಸಣ್ಣದಲ್ಲ.

ಪಿಟಿಎಸ್‌ಡಿ ಒಂದೇ ತೊಂದರೆಯೂ ಅಲ್ಲ. ಖಿನ್ನತೆ, ಆತಂಕ, ಕುಡಿತದ ಚಟ ನಿವೃತ್ತಿಯ ನಂತರವೇ ತಲೆ ಎತ್ತಬಹುದು. ಹದಿನೆಂಟರ ಆಸುಪಾಸಿನಲ್ಲಿ ಸೇರಿದ ಜವಾನ ಹಲವು ಸಲ ನಲವತ್ತು ತುಂಬುವ ಮೊದಲೇ ಪಿಂಚಣಿ ಹಿಡಿದು ಹೊರಬರುತ್ತಾನೆ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತಾರೆ, ಮನೆ ಸಾಲ ಇರುತ್ತದೆ. ನಿನ್ನೆಯವರೆಗೆ ಹತ್ತಾರು ಜನರನ್ನು ನಡೆಸಿದ ಹವಾಲ್ದಾರ ಇಂದು ಎಟಿಎಂ ಮುಂದೆ ರಾತ್ರಿ ಪಾಳಿಯ ಕಾವಲು. ಪಲ್ಟನ್ನಿನ ಗೆಳೆಯರಿಲ್ಲ, ದಿನದ ಕ್ರಮವಿಲ್ಲ, ಸಮವಸ್ತ್ರವಿಲ್ಲ. ಅಗ್ನಿಪಥ ಯೋಜನೆಯಡಿ ನಾಲ್ಕೇ ವರ್ಷಕ್ಕೆ ಹೊರಬರುವ ಹುಡುಗರಿಗೆ ಈ ತಿರುವು ಇಪ್ಪತ್ತರ ಹರೆಯದಲ್ಲೇ ಎದುರಾಗುತ್ತದೆ.

ತಪ್ಪು ಕಲ್ಪನೆ 3: ಮಿಲಿಟ್ರಿಯವರ ತಲೆ ಯಾವಾಗ ಕೆಡುತ್ತದೋ ಗೊತ್ತಿಲ್ಲ, ಅವರಿಂದ ದೂರವಿರುವುದೇ ಒಳ್ಳೆಯದು.

ಸತ್ಯ: ಭಯಾನಕ ಘಟನೆಗಳನ್ನು ಕಂಡವರಲ್ಲಿ ಹೆಚ್ಚಿನವರಿಗೆ ಪಿಟಿಎಸ್‌ಡಿ ಬರುವುದೇ ಇಲ್ಲ. ಬಂದವರಲ್ಲೂ ಹೆಚ್ಚಿನವರು ಯಾರ ಮೇಲೂ ಕೈ ಮಾಡುವವರಲ್ಲ. ಅವರು ತಮ್ಮೊಳಗೇ ನವೆಯುತ್ತಾರೆ. ಮದುವೆ ಮನೆ, ಜಾತ್ರೆಗಳಿಂದ ತಪ್ಪಿಸಿಕೊಳ್ಳುತ್ತಾರೆ. ಬಾಡಿಗೆ ಮನೆ ಕೊಡಲು ಅಥವಾ ಕೆಲಸ ಕೊಡಲು ಹಿಂಜರಿಯುವುದರಿಂದ ಅವರ ಒಂಟಿತನ ಹೆಚ್ಚುತ್ತದೆ, ಯಾರ ಸುರಕ್ಷತೆಯೂ ಹೆಚ್ಚುವುದಿಲ್ಲ. ಹಾಗೆಂದು ಮನೆಯಲ್ಲಿ ನಿಜವಾಗಿ ಹೊಡೆತ ಬಡಿತ ನಡೆಯುತ್ತಿದ್ದರೆ ಕಾಯಿಲೆಯ ಹೆಸರಿನಲ್ಲಿ ಸಹಿಸಬೇಕಾಗಿಲ್ಲ. ಹೆಂಡತಿ ಮಕ್ಕಳ ರಕ್ಷಣೆ ಮೊದಲು, ಚಿಕಿತ್ಸೆಯ ಮಾತು ಅದರ ಜೊತೆಗೆ.

ತಪ್ಪು ಕಲ್ಪನೆ 4: ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತದೆ, ಫೌಜಿಗೆ ಅದೇ ಔಷಧಿ.

ಸತ್ಯ: ಕ್ಯಾಂಟೀನ್ ಕೋಟಾದ ರಮ್ಮು ಮಾಜಿ ಸೈನಿಕರ ಮನೆಯಲ್ಲಿ ಸಹಜವಾದ ವಸ್ತು. ಆದ್ದರಿಂದಲೇ ಈ ತಪ್ಪು ಎಲ್ಲಕ್ಕಿಂತ ಗಟ್ಟಿಯಾಗಿ ಬೇರು ಬಿಟ್ಟಿದೆ. ಮದ್ಯ ಕುಡಿದರೆ ಬೇಗ ಮಂಪರು ಹತ್ತುವುದು ನಿಜ. ಆದರೆ ಅದರ ಪ್ರಭಾವ ಇಳಿಯುತ್ತಿದ್ದಂತೆ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆ ಹರಿಯುತ್ತದೆ, ಮೈ ಬೆವರುತ್ತದೆ, ಕೆಟ್ಟ ಕನಸು ಇನ್ನೂ ಜೋರಾಗುತ್ತದೆ. ಮರುದಿನ ಸಿಡುಕು. ಸಂಜೆ ಅದನ್ನು ತಣಿಸಲು ಮತ್ತೊಂದು ಪೆಗ್. ಎರಡು ನಾಲ್ಕಾಗುವುದು ಹೀಗೆ.

ಒಂದು ಎಚ್ಚರಿಕೆ: ವರ್ಷಗಟ್ಟಲೆ ದಿನಾ ಹೆಚ್ಚು ಕುಡಿದವರು ಹಟ ಹಿಡಿದು ಒಂದೇ ದಿನಕ್ಕೆ ಬಿಟ್ಟರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಬಾಟಲಿ ಬಚ್ಚಿಡುವುದು, ದೇವರ ಮುಂದೆ ಆಣೆ ಹಾಕಿಸುವುದು ಇದಕ್ಕೆ ದಾರಿಯಲ್ಲ. ವೈದ್ಯರ ನಿಗಾದಲ್ಲಿ ಬಿಡಿಸಬೇಕು, ಕುಡಿತದ ಹಿಂದಿರುವ ನೋವಿಗೂ ಅದೇ ಹೊತ್ತಿನಲ್ಲಿ ಚಿಕಿತ್ಸೆ ಆಗಬೇಕು.

ತಪ್ಪು ಕಲ್ಪನೆ 5: ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬರುತ್ತದೆ?

ಸತ್ಯ: ಬರುತ್ತದೆ. ಕೆಲವರಲ್ಲಿ ಪೂರ್ಣ ಲಕ್ಷಣಗಳು ಘಟನೆಯಾಗಿ ಆರು ತಿಂಗಳ ನಂತರ, ಇನ್ನು ಕೆಲವರಲ್ಲಿ ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯಲ್ಲಿದ್ದವರು ಈಗ ವೃದ್ಧರು. 1999ರ ಕಾರ್ಗಿಲ್‌ನಲ್ಲಿ ತರುಣರಾಗಿದ್ದವರಿಗೆ ಈಗ ಐವತ್ತರ ಆಚೀಚೆ. ಇಷ್ಟು ದಿನ ದುಡಿಮೆ, ಮಕ್ಕಳ ಓದು, ಮದುವೆ ಎಂದು ಮನಸ್ಸು ತುಂಬಿತ್ತು. ಎರಡನೆಯ ಕೆಲಸವೂ ಮುಗಿದು ಕೈ ಖಾಲಿಯಾದಾಗ, ಹಳೆಯ ಜೊತೆಗಾರನೊಬ್ಬ ತೀರಿಕೊಂಡಾಗ, ಟಿವಿಯಲ್ಲಿ ಗಡಿಯ ಗುಂಡಿನ ಸದ್ದು ಕೇಳಿದಾಗ ಅದುಮಿಟ್ಟದ್ದು ಮೇಲೇಳುತ್ತದೆ.

ದೀಪಾವಳಿಯ ಪಟಾಕಿ ಒಂದು ಕಷ್ಟವಾದರೆ, ಕೊಡಗಿನಲ್ಲಿ ಸಾವು ಮತ್ತು ಹಬ್ಬಗಳ ಸಂದರ್ಭದಲ್ಲಿ ಗಾಳಿಗೆ ಗುಂಡು ಹಾರಿಸುವ ಪದ್ಧತಿಯೇ ಇದೆ. ಯಾವುದನ್ನೂ ನಿಲ್ಲಿಸಬೇಕೆಂದಿಲ್ಲ. ಎಷ್ಟು ಹೊತ್ತಿಗೆ, ಯಾವ ಕಡೆ ಸದ್ದಾಗುತ್ತದೆ ಎಂದು ಮೊದಲೇ ತಿಳಿಸಿದರೆ ಮನಸ್ಸು ಸಿದ್ಧವಾಗಿರುತ್ತದೆ. ಬೆಚ್ಚಿಬೀಳಿಸುವುದು ಹೆಚ್ಚಾಗಿ ನಿರೀಕ್ಷೆಯಿಲ್ಲದ ಸದ್ದು.

ತಪ್ಪು ಕಲ್ಪನೆ 6: ಮನೋವೈದ್ಯರ ಬಳಿ ಹೋದರೆ ಜೀವನಪೂರ್ತಿ ಮಾತ್ರೆ, ಊರಲ್ಲಿ ಹುಚ್ಚನೆಂಬ ಹೆಸರು, ಪಿಂಚಣಿಗೂ ಕುತ್ತು.

ಸತ್ಯ: ಪಿಟಿಎಸ್‌ಡಿಗೆ ಮೊದಲ ಸಾಲಿನ ಚಿಕಿತ್ಸೆ ಎಂದರೆ ಮಾತಿನ ಚಿಕಿತ್ಸೆ. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಎದುರು, ಅವಸರವಿಲ್ಲದೆ, ಆಘಾತದ ನೆನಪನ್ನು ಹಂತ ಹಂತವಾಗಿ ಎದುರಿಸುವ ವಿಧಾನ ಅದು. ಸಾಮಾನ್ಯವಾಗಿ 8ರಿಂದ 16 ಭೇಟಿಗಳಲ್ಲಿ ಮುಗಿಯುತ್ತದೆ. ಕಣ್ಣಿನ ಚಲನೆಯ ನೆರವಿನಿಂದ ನಡೆಸುವ ಇಎಂಡಿಆರ್ ಕೂಡ ಇದೇ ಸಾಲಿನದು. ನೆನಪು ಅಳಿಸಿಹೋಗುವುದಿಲ್ಲ, ಆದರೆ ಅದು ಬಂದಾಗಲೆಲ್ಲ ದೇಹ ರಣರಂಗಕ್ಕೆ ಓಡುವುದು ಕಡಿಮೆಯಾಗುತ್ತದೆ. ಅಗತ್ಯವಿದ್ದರೆ ಸರ್ಟ್ರಲಿನ್‌ನಂಥ ಮಾತ್ರೆ ಕೊಡುತ್ತಾರೆ. ಅದು ಚಟ ಹಿಡಿಸುವ ಮಾತ್ರೆಯಲ್ಲ, ಕೆಲಸ ಮಾಡಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು. ಮೆಡಿಕಲ್ ಶಾಪಿನಿಂದ ನಾವೇ ತರುವ ನಿದ್ದೆ ಮಾತ್ರೆಗಳಿಗೆ ಮಾತ್ರ ಚಟದ ಅಪಾಯ ಖಂಡಿತ ಇದೆ.

ಇನ್ನು ಪಿಂಚಣಿ. ನಿವೃತ್ತಿಯ ನಂತರ ಚಿಕಿತ್ಸೆ ಪಡೆದದ್ದಕ್ಕೆ ಸೇವಾ ಪಿಂಚಣಿ ನಿಲ್ಲುವುದಿಲ್ಲ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇನೆಗೆ ಸೇರುವಾಗ ದಾಖಲಾಗದ ಕಾಯಿಲೆ ಮುಂದೆ ಸೇವೆಯಿಂದ ಬಿಡುಗಡೆಗೆ ಕಾರಣವಾದರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸೇನೆಯದು ಎಂದು ಹೇಳಿತು. 2023ರಲ್ಲಿ ನಿಯಮಗಳು ಬದಲಾಗಿರುವುದರಿಂದ ಅಂಗವೈಕಲ್ಯ ಪಿಂಚಣಿ ಬಗ್ಗೆ ಕೇಳುವವರು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯಲ್ಲಿ ತಮ್ಮ ದಾಖಲೆಗಳನ್ನು ತೋರಿಸಿ ವಿಚಾರಿಸಬೇಕು. ರೋಗಿಯ ವಿವರ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ತಪ್ಪು ಕಲ್ಪನೆ 7: ಸಾಯುವ ಯೋಚನೆಯ ಬಗ್ಗೆ ಕೇಳಿದರೆ ನಾವೇ ಅದನ್ನು ತಲೆಗೆ ತುಂಬಿದಂತೆ.

ಸತ್ಯ: ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೊಳಗೇ ಒದ್ದಾಡುತ್ತಿರುವವರಿಗೆ ಆ ಪ್ರಶ್ನೆಯೇ ಬಾಗಿಲು ತೆರೆಯುತ್ತದೆ. ಸುತ್ತಿ ಬಳಸಿ ಕೇಳಬೇಡಿ. 'ಬದುಕೋದೇ ಬೇಡ ಅನ್ನಿಸ್ತಿದೆಯಾ? ಜೀವ ಕಳೆದುಕೊಳ್ಳೋ ಯೋಚನೆ ಬರುತ್ತಾ ನಿಮಗೆ?' ಎಂದು ಪಕ್ಕದಲ್ಲಿ ಕೂತು ಕೇಳಿ. ಹೌದೆಂದರೆ ಬೈಯಬೇಡಿ, ದೇವರಾಣೆ ಹಾಕಿಸಬೇಡಿ, ಒಬ್ಬರನ್ನೇ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸಿನ ಹೆದರಿಕೆಗೆ ಚಿಕಿತ್ಸೆ ತಪ್ಪಿಸಬೇಡಿ.

ಮಾಜಿ ಸೈನಿಕರ ಮನೆಯಲ್ಲಿ ಒಂದು ಕೆಲಸ ತಪ್ಪದೇ ಆಗಬೇಕು. ಎಷ್ಟೋ ಜನ ಬ್ಯಾಂಕು, ಎಸ್ಟೇಟುಗಳ ಕಾವಲಿಗಾಗಿ ಸ್ವಂತ ಬಂದೂಕು ಇಟ್ಟುಕೊಂಡಿರುತ್ತಾರೆ. ಮನಸ್ಸು ತೀರಾ ಕುಗ್ಗಿದ ದಿನಗಳಲ್ಲಿ ಅದು ಮನೆಯಲ್ಲಿರಬಾರದು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ಅವರಿಗೆ ರೂಢಿಯೇ. ಹಾಗೆಯೇ ಸ್ವಲ್ಪ ದಿನ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಇರಿಸಬಹುದು. ಆ ತೀವ್ರ ಘಳಿಗೆ ಹೆಚ್ಚಾಗಿ ದಾಟಿಹೋಗುವಂಥದ್ದು. ದಾಟುವವರೆಗೆ ಕೈಗೆ ಆಯುಧ ಸಿಗದಿದ್ದರೆ ಜೀವ ಉಳಿಯುತ್ತದೆ.

ತಪ್ಪು ಕಲ್ಪನೆ 8: ಅವರು ಸರಿಹೋದರೆ ಮನೆಯವರೂ ತಾವಾಗಿ ಸರಿಹೋಗುತ್ತಾರೆ.

ಸತ್ಯ: ಹದಿನೈದಿಪ್ಪತ್ತು ವರ್ಷ ಮನೆ ನಡೆಸಿದವಳು ಹೆಂಡತಿ. ಹೊಲದ ಲೆಕ್ಕ, ಅತ್ತೆ ಮಾವನ ಆಸ್ಪತ್ರೆ, ಮಕ್ಕಳ ಶಾಲೆ ಎಲ್ಲವೂ ಅವಳ ಕೈಯಲ್ಲಿತ್ತು. ಗಂಡ ಬಂದು ಬೆಳಿಗ್ಗೆ ಐದಕ್ಕೆ ಎಲ್ಲರೂ ಏಳಬೇಕು, ಚಪ್ಪಲಿ ಸಾಲಾಗಿರಬೇಕು ಎಂದಾಗ ಜಗಳ ಶುರುವಾಗುತ್ತದೆ. ಇಬ್ಬರದೂ ತಪ್ಪಲ್ಲ. ಯಾವುದು ಯಾರ ಜವಾಬ್ದಾರಿ ಎಂದು ಮೊದಲ ತಿಂಗಳಲ್ಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಅಪ್ಪನ ಸಿಡುಕಿಗೆ ತಾನೇ ಕಾರಣ ಎಂದು ಮಕ್ಕಳು ನಂಬಿಬಿಡುತ್ತಾರೆ. 'ಅಪ್ಪನಿಗೆ ಹುಷಾರಿಲ್ಲ, ಚಿಕಿತ್ಸೆ ನಡೀತಿದೆ, ನಿನ್ನ ತಪ್ಪೇನೂ ಇಲ್ಲ ಮಗಾ' ಎಂದು ಬಾಯಿಬಿಟ್ಟು ಹೇಳಬೇಕು.

ರಾತ್ರಿ ಅವರು ಕನಸಿನಲ್ಲಿ ಕಿರುಚಿದರೆ ಮೈಮುಟ್ಟಿ ಅಲುಗಾಡಿಸಬೇಡಿ, ಅರೆನಿದ್ದೆಯಲ್ಲಿ ಕೈ ಬೀಸಿಬಿಡಬಹುದು. ದೀಪ ಹಾಕಿ, ಕಾಲಿನ ಕಡೆ ಸ್ವಲ್ಪ ದೂರ ನಿಂತು, 'ರೀ, ಮನೇಲೇ ಇದೀರಿ, ನಾನು ಇಲ್ಲೇ ಇದೀನಿ' ಎಂದು ಸಮಾಧಾನದ ದನಿಯಲ್ಲಿ ಕರೆಯಿರಿ. ಏನು ಕನಸು ಎಂದು ಆಗಲೇ ಕೆದಕಬೇಡಿ, ನೀರು ಕೊಡಿ.

ಹೀಗೆ ವರ್ಷಗಟ್ಟಲೆ ನಿದ್ದೆಗೆಟ್ಟ ಹೆಂಡತಿಯೂ ಖಿನ್ನತೆಗೆ ಬೀಳಬಹುದು. ಅವಳಿಗೂ ತನ್ನದೇ ಆದ ಆಪ್ತಸಮಾಲೋಚನೆ ಬೇಕು. ಹುತಾತ್ಮರ ಪತ್ನಿಯರ ಪಾಡು ಇನ್ನೂ ಕಠಿಣ. ವೀರನಾರಿ ಎಂದು ಕರೆದು ಅಳುವ ಹಕ್ಕನ್ನೇ ಕಸಿದುಕೊಳ್ಳುವುದು ನಾವು ಎಸಗುವ ಕ್ರೌರ್ಯ. ಪರಿಹಾರದ ಹಣಕ್ಕಾಗಿ ಮನೆಯೊಳಗೇ ಜಗಳ ಏಳುವ ಹೊತ್ತಿನಲ್ಲಿ ಅವಳ ಪಕ್ಷ ವಹಿಸಿ ನಿಲ್ಲುವವರು ಬೇಕು.

ನೆರವು ಎಲ್ಲಿ?

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ವಿಶೇಷ ಘಟಕ ಶುರುವಾಗಿದೆ. ಮಾಜಿ ಸೈನಿಕರ ಆರೋಗ್ಯಕ್ಕಾಗಿ 2003ರಿಂದ ಜಾರಿಯಲ್ಲಿರುವ ಇಸಿಎಚ್‌ಎಸ್ ಯೋಜನೆಯ ಸದಸ್ಯರು ಬೆಂಗಳೂರು, ಮೈಸೂರು, ಬೆಳಗಾವಿ, ಮಡಿಕೇರಿ ಮುಂತಾದ ಕಡೆಯ ಪಾಲಿಕ್ಲಿನಿಕ್‌ಗಳ ಮೂಲಕ ಮನೋವೈದ್ಯರ ಬಳಿಗೆ ರೆಫರಲ್ ಪಡೆಯಬಹುದು. ಅವಲಂಬಿತ ಪತ್ನಿ, ಮಕ್ಕಳಿಗೂ ಈ ಸೌಲಭ್ಯ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಎಲ್ಲರಿಗೂ ತೆರೆದಿದೆ.

ಊರಿನ ಮಾಜಿ ಸೈನಿಕರ ಸಂಘಗಳಿಗೆ ಒಂದು ಕೋರಿಕೆ. ಸೇನೆಯ ಮೊದಲ ಭಾರತೀಯ ಮುಖ್ಯಸ್ಥ, ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಜನವರಿ 14 ಈಗ ದೇಶದ ಮಾಜಿ ಸೈನಿಕರ ದಿನ. ಈ ಸಲದ ಸಭೆಗೆ ಒಬ್ಬ ಮನೋವೈದ್ಯರನ್ನೂ ಕರೆಯಿರಿ, ಹೆಂಡತಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರಿನಷ್ಟೇ ದೊಡ್ಡದಾಗಿ 14416 ಎಂದು ಅಚ್ಚು ಹಾಕಿಸಿ. ಚಿಕಿತ್ಸೆ ಪಡೆದು ಸುಧಾರಿಸಿದ ಸುಬೇದಾರರೊಬ್ಬರು ಎದ್ದು ನಿಂತು ಅದನ್ನು ಹೇಳಲು ಒಪ್ಪಿದರೆ, ಅವರಿಗೂ ಮೈಕ್ ಕೊಡಿ. ಅವರ ಮಾತು ಕೇಳಿ ಮರುದಿನ ಇನ್ನೊಬ್ಬರು ಆಸ್ಪತ್ರೆಯ ಬಾಗಿಲಿಗೆ ಹೋಗಬಹುದು.