ಹಳೇ ಕಾರಿಗೆ ದೊಡ್ಡ ಟಯರ್ ಹಾಕಿ ಕಲಿತ ಪಾಠ

ನಮ್ಮ ಮನೆಯಲ್ಲಿ 2006ರ ಒಂದು ಮಾರುತಿ 800 ಇದೆ. ಸೆಕೆಂಡ್ ಹ್ಯಾಂಡ್ ತಂದದ್ದು. ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ, ಪುಣೆ-ಹೈದರಾಬಾದ್ ಹೆದ್ದಾರಿಯಿಂದ ಎರಡು ಕಿ.ಮೀ. ಒಳಗೆ ನಮ್ಮ ಮನೆ. ಅವ್ವನನ್ನು ದವಾಖಾನೆಗೆ ಕರೆದೊಯ್ಯುವುದಿರಲಿ, ಬೀಜ-ಔಷಧಿ ತರುವುದಿರಲಿ, ಬೀಗರ ಮನೆಗೆ ಹೋಗುವುದಿರಲಿ, ಎಲ್ಲಕ್ಕೂ ಇದೇ ಗಾಡಿ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೆ ನಮ್ಮಂಥವರ ಮನೆಗಳಲ್ಲಿ ಇನ್ನೂ ಓಡುತ್ತಿವೆ.

ತೊಂದರೆ ಇದ್ದದ್ದು ಆ ಎರಡು ಕಿ.ಮೀ. ದಾರಿಯದು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಗಾಲಿಯ ಜಾಡು ಬಿದ್ದು, ನಡುವೆ ಮಣ್ಣಿನ ದಿಬ್ಬ ಎದ್ದಿತ್ತು. ನಾಲ್ಕು ಜನ ಕೂತರೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಅದೇ ಹೊತ್ತಿಗೆ ಟಯರೂ ಸವೆದಿದ್ದವು. 'ಆಲ್ಟೊ ಟಯರ್ ಹಾಕ್ರಿ, ಅದೂ ಹನ್ನೆರಡು ಇಂಚಿಂದೇ. ಗಾಡಿ ಎತ್ತರ ನಿಂದ್ರತದ' ಎಂದು ಯಾರೋ ಹೇಳಿದರು. ನನಗೂ ಸರಿ ಅನಿಸಿತು. ಒಂದಕ್ಕೆ 900 ರೂಪಾಯಿಯಂತೆ ನಾಲ್ಕು ಹಳೇ ಟಯರ್ ಕೊಂಡೆ. ಬಟನ್ ಚೆನ್ನಾಗಿದ್ದವು. ಬೇರೇನೂ ನೋಡಲಿಲ್ಲ.

ಮೊದಲ ವಾರ ಖುಷಿಯೋ ಖುಷಿ. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ 'ಗರ್' ಎನ್ನತೊಡಗಿತು. ಹಿಂದೆ ಜನ ಕೂತಾಗ ತಗ್ಗಿಗಿಳಿದರೆ ಹಿಂದಿನಿಂದಲೂ ಸಪ್ಪಳ. ನಾನು ಲಕ್ಷ್ಯ ಕೊಡಲಿಲ್ಲ.

ಒಂದು ದಿನ ಅವ್ವ, ಮನೆಯವಳು, ಹಿಂದೆ ಎರಡು ಚೀಲ ತೊಗರಿ. ರಾಜೇಶ್ವರ ದಾಟಿ ಬಸವಕಲ್ಯಾಣದ ಕಡೆ ಹೊರಟಿದ್ದೆವು. ಮಧ್ಯಾಹ್ನದ ಉರಿಬಿಸಿಲು. ಹಿಂದಿನ ಬಲಗಡೆ ಟಯರ್ ಢಂ ಎಂದು ಒಡೆಯಿತು. ಕಾರು ಒಂದು ಬದಿಗೆ ಎಳೆಯಿತು. ಹಿಂದೆ ಬರುತ್ತಿದ್ದ ಲಾರಿಯವನು ದೂರದಲ್ಲಿದ್ದ, ಬ್ರೇಕ್ ಹಾಕಿದ. ಬಸವಣ್ಣನ ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಅವ್ವ ಮಾತ್ರ ಆ ದಿನದಿಂದ ಕಾರು ಹತ್ತುವ ಮುಂಚೆ 'ಗಾಲಿ ನೋಡಿದಿಯೇನೋ?' ಎಂದು ಕೇಳುತ್ತಾಳೆ.

ಚಾಚಾ ತೋರಿಸಿದ ಎರಡು ತಪ್ಪು

ಸ್ಟೆಪ್ನಿ ಹಾಕಿಕೊಂಡು ನಿಧಾನಕ್ಕೆ ಸಸ್ತಾಪುರ ಬಂಗ್ಲಾ ಮುಟ್ಟಿದೆವು. ಅಲ್ಲಿ ನಮಗೆ ಪರಿಚಯದ ವಯಸ್ಸಾದ ಟಯರ್ ಮೇಸ್ತ್ರಿ ಒಬ್ಬರಿದ್ದಾರೆ. ಎಲ್ಲರೂ ಚಾಚಾ ಎನ್ನುತ್ತೇವೆ. ಒಡೆದ ಟಯರನ್ನು ಒಳಮೈ ಹೊರಗೆ ಮಾಡಿ ತೋರಿಸಿದರು. ಒಳಬದಿಯ ಗೋಡೆ ಉಜ್ಜಿ ಉಜ್ಜಿ ದಾರ ಕಾಣುತ್ತಿತ್ತು.

'ತಮ್ಮಾ, ಟಯರ್ ದೊಡ್ಡದಾತು. ಅದು ತಿರುಗೋ ಜಾಗಾ ಎಲ್ಲಿ ದೊಡ್ಡದಾತು?' ಅಂದರು. ಆಮೇಲೆ ಗೋಡೆ ಮೇಲಿನ ನಾಲ್ಕು ಅಂಕಿ ಒರೆಸಿ ತೋರಿಸಿದರು. ಟಯರ್ ತಯಾರಾಗಿ ಒಂಬತ್ತು ವರ್ಷ ದಾಟಿತ್ತು. ಸಣ್ಣ ಸಣ್ಣ ಬಿರುಕು. 'ಬಟನ್ ನೋಡಿ ಟಯರ್ ತಗೊಳ್ಳೋದಂದ್ರ, ಕೊಂಬು ನೋಡಿ ಮುದಿ ಎತ್ತು ತಗೊಂಡಂಗ.'

ಅಂದು ಚಾಚಾ ಹೇಳಿದ್ದನ್ನೂ, ಆಮೇಲೆ ನಾನು ಟೇಪು, ಪೆನ್ನು ಹಿಡಿದು ಲೆಕ್ಕ ಹಾಕಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಅಂಕಿ ಓದುವುದು ಹೇಗೆ?

ನನ್ನ ಕಾರಿನ ಮೂಲ ಟಯರ್ 145/70 R12. ಇದರಲ್ಲಿ 145 ಎಂದರೆ ಟಯರಿನ ಅಗಲ, ಮಿಲಿಮೀಟರ್‌ನಲ್ಲಿ. 70 ಎಂದರೆ ಗೋಡೆಯ ಎತ್ತರ ಅಗಲದ ಶೇಕಡಾ 70. R ಎಂದರೆ ರೇಡಿಯಲ್. 12 ಎಂದರೆ ಡಿಸ್ಕಿನ ಅಳತೆ, ಇಂಚಿನಲ್ಲಿ.

ಪೂರಾ ಎತ್ತರ ತಿಳಿಯಲು ಲೆಕ್ಕ ಹೀಗೆ: 145ರ ಶೇಕಡಾ 70 ಎಂದರೆ 101.5 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ, 203. ಡಿಸ್ಕು 12 ಇಂಚು, ಇಂಚಿಗೆ 25.4ರಂತೆ 304.8. ಕೂಡಿಸಿದರೆ ಸುಮಾರು 508 ಮಿ.ಮೀ.

ನಾನು ಹಾಕಿಸಿದ್ದು 145/80 R12. ಅದೇ ಲೆಕ್ಕದಲ್ಲಿ ಸುಮಾರು 537 ಮಿ.ಮೀ. ಅಂದರೆ 29 ಮಿ.ಮೀ. ಹೆಚ್ಚು. ಶೇಕಡಾ 6ರ ಹತ್ತಿರ. ಇಷ್ಟು ದೊಡ್ಡದು ಹಾಕಿ ಸಿಕ್ಕ ಎತ್ತರ ಎಷ್ಟು? ಅದರ ಅರ್ಧ ಮಾತ್ರ, ಹದಿನಾಲ್ಕೂವರೆ ಮಿ.ಮೀ. ಯಾಕೆಂದರೆ ಉಳಿದರ್ಧ ಗಾಲಿಯ ಮೇಲಕ್ಕೆ, ಮಡ್‌ಗಾರ್ಡ್ ಕಡೆಗೆ ಹೋಯಿತು. ಅಲ್ಲೇ ಉಜ್ಜಿದ್ದು.

ನಷ್ಟ ಇಷ್ಟೇ ಅಲ್ಲ. ಮೀಟರ್ 60 ತೋರಿಸುವಾಗ ಗಾಡಿ 63ರ ಮೇಲೆ ಓಡುತ್ತಿರುತ್ತದೆ. ಗಾಲಿ ದೊಡ್ಡದಾದಷ್ಟೂ ಎಳೆಯುವ ಶಕ್ತಿ ಕಡಿಮೆ. 796 ಸಿ.ಸಿ.ಯ ಸಣ್ಣ ಎಂಜಿನ್, ಜನ ತುಂಬಿದಾಗ ಏರಿನಲ್ಲಿ ಗೇರ್ ಇಳಿಸಬೇಕಾಗುತ್ತಿತ್ತು.

ಬದಲಾಯಿಸಲೇಬೇಕು ಅಂತಿದ್ದರೆ ಪೂರಾ ಎತ್ತರದಲ್ಲಿ ಶೇಕಡಾ 3ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ ಎನ್ನುವುದು ಸಾಮಾನ್ಯ ಲೆಕ್ಕ. ನನ್ನ ಕಾರಿಗೆ ಅದು 15 ಮಿ.ಮೀ. 13 ಇಂಚಿನ ಡಿಸ್ಕಿಗೆ 155/65 ಹಾಕಿದರೂ ಸುಮಾರು 532 ಆಗುತ್ತದೆ. ಅದೂ ಮೀರಿತು.

ಡಿಸ್ಕ್ ಬದಲಿಸುವವರಿಗೆ

ನಾಲ್ಕು ತೂತು ಇದ್ದ ಮಾತ್ರಕ್ಕೆ ಒಂದು ಕಾರಿನ ಡಿಸ್ಕ್ ಇನ್ನೊಂದಕ್ಕೆ ಕೂಡುವುದಿಲ್ಲ. ಎದುರು ಬದುರಿನ ಎರಡು ಬೋಲ್ಟಿನ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಬೇಕು. ನನ್ನದರಲ್ಲಿ ನಾಲ್ಕೂವರೆ ಇಂಚು, ಅಂದರೆ 114.3 ಮಿ.ಮೀ. ಸ್ವಿಫ್ಟಿನದು 100 ಮಿ.ಮೀ. ಬಡಿದು ಕೂಡಿಸಿದರೆ ಬೋಲ್ಟು ಮುರಿಯುವುದೇ. ನಡುವಿನ ದೊಡ್ಡ ತೂತು ಹಬ್ಬಿಗೆ ಸರಿಯಾಗಿ ಕೂತಿರಬೇಕು. ಡಿಸ್ಕು ಎಷ್ಟು ಒಳಗೆ, ಎಷ್ಟು ಹೊರಗೆ ನಿಲ್ಲುತ್ತದೆ ಎಂಬುದೂ ಮುಖ್ಯ. ಹೊರಗೆ ಬಂದರೆ ನೋಡಲು ಚೆಂದ, ಆದರೆ ಬೇರಿಂಗ್ ಬೇಗ ಹೋಗುತ್ತದೆ. ಅಲಾಯ್ ಡಿಸ್ಕ್ ಹಾಕಿದರೆ ಅದಕ್ಕೆ ಹೊಂದುವ ನಟ್ಟೇ ಬೇಕು.

ಹಳೇ ಡಿಸ್ಕಿನ ಅಂಚು ತುಕ್ಕು ಹಿಡಿದಿದ್ದರೆ, ಬಾಗಿದ್ದರೆ ಟ್ಯೂಬ್‌ಲೆಸ್ ಟಯರಿನಿಂದ ಗಾಳಿ ಸೋರುತ್ತದೆ. ಡಿಸ್ಕ್ ಸರಿ ಇದ್ದರೆ ನಮ್ಮ ಜಾಲಿಮುಳ್ಳಿನ ದಾರಿಗೆ ಟ್ಯೂಬ್‌ಲೆಸ್ಸೇ ಲೇಸು. ಮುಳ್ಳು ಚುಚ್ಚಿದರೂ ಒಮ್ಮೆಲೇ ಗಾಳಿ ಹೋಗುವುದಿಲ್ಲ.

ಜೀಪ್ ಇದ್ದವರು ಗಮನಿಸಿ

ಪಕ್ಕದ ಹೊಲದ ಕಾಕಾ ಅವರ ಹಳೇ ಜೀಪಿನ ಟಯರ್ 6.00-16. ಅವರ ಟ್ರ್ಯಾಕ್ಟರಿನ ಮುಂದಿನ ಟಯರೂ 6.00-16. 'ಎರಡೂ ಒಂದೇ ನಂಬರ್ ಅದಲ್ಲಾ' ಎಂದು ಟ್ರ್ಯಾಕ್ಟರಿನದನ್ನೇ ಜೀಪಿಗೆ ಹಾಕಲು ಹೊರಟಿದ್ದರು. ನಾನೇ ತಡೆದೆ. ಡಿಸ್ಕಿಗೆ ಕೂಡುತ್ತದೆ ನಿಜ. ಆದರೆ ಟ್ರ್ಯಾಕ್ಟರ್ ಟಯರ್ ಮಾಡಿರುವುದು ಗಂಟೆಗೆ 30-40 ಕಿ.ಮೀ. ವೇಗಕ್ಕೆ. ಗೋಡೆಯ ಮೇಲೆ A6 ಇದ್ದರೆ 30, A8 ಇದ್ದರೆ 40. ಅದರ ಉದ್ದುದ್ದ ಪಟ್ಟಿ ನೆಲದಲ್ಲಿ ದಾರಿ ಹಿಡಿಯಲು ಇರುವುದು, ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿಯಲು ಅಲ್ಲ. ಹಾಗೆಯೇ ಒಂದು ಕಡೆ ನೈಲಾನ್, ಒಂದು ಕಡೆ ರೇಡಿಯಲ್ ಹಾಕಿ ಒಂದೇ ಆಕ್ಸಲಿಗೆ ಓಡಿಸಬಾರದು.

ಕೊಳ್ಳುವ ಮುಂಚೆ

1. ಬಾಗಿಲ ಅಂಚಿನ ಚೀಟಿ ಅಥವಾ ಕಾರಿನ ಪುಸ್ತಕದಲ್ಲಿರುವ ಅಳತೆ ಬರೆದುಕೊಂಡು ಹೋಗಿ. ಈಗ ಗಾಡಿಯಲ್ಲಿರುವುದನ್ನು ನಂಬಬೇಡಿ. ಹಿಂದಿನ ಮಾಲಿಕ ನನ್ನಂಥವನೇ ಇದ್ದಿರಬಹುದು.

2. ತಯಾರಾದ ದಿನ ನೋಡಿ. 2319 ಎಂದಿದ್ದರೆ 2019ರ 23ನೇ ವಾರ. ಐದು ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷದ್ದನ್ನು ತೆಗೆದೇಬಿಡಬೇಕು ಎಂದು ಹಲವು ಟಯರ್ ಕಂಪನಿಗಳೇ ಹೇಳುತ್ತವೆ.

3. ಅಳತೆಯ ಮುಂದೆ 69S ಅಂಥದ್ದು ಇರುತ್ತದೆ. 69 ಎಂದರೆ ಒಂದು ಟಯರು 325 ಕಿಲೋ ಹೊರುತ್ತದೆ. S ಎಂಬುದು ವೇಗದ ಮಿತಿ. ಮೂಲದ್ದಕ್ಕಿಂತ ಕಡಿಮೆ ಇರುವುದು ಬೇಡ.

4. ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ಅಡ್ಡ ಉಬ್ಬು ಇರುತ್ತದೆ. ಬಟನ್ ಸವೆದು ಅದಕ್ಕೆ ಸಮ ಬಂದರೆ ಉಳಿದಿರುವುದು 1.6 ಮಿ.ಮೀ. ಅಲ್ಲಿಗೆ ಆ ಟಯರಿನ ಆಯುಷ್ಯ ಮುಗಿಯಿತು.

5. ಎರಡೇ ಕೊಳ್ಳುವ ಶಕ್ತಿ ಇದ್ದರೆ ಹೊಸವನ್ನು ಹಿಂದಕ್ಕೆ ಹಾಕಿ. ಮಳೆಯಲ್ಲಿ ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದು ಕಷ್ಟ.

6. ಹಾಕಿಸಿದ ಮೇಲೆ ಜನ ಕೂಡಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. 50 ಕಿ.ಮೀ. ಓಡಿದ ಮೇಲೆ ನಟ್ಟು ಮತ್ತೆ ಬಿಗಿ ಮಾಡಿ.

ಇನ್ನೊಂದು ಮಾತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ಮುಂದುವರಿಸಲು ಆರ್.ಟಿ.ಓ. ಮುಂದೆ ಗಾಡಿ ನಿಲ್ಲಿಸಬೇಕು. ಬೇರೆ ಅಳತೆಯ ಗಾಲಿ ಇದ್ದರೆ ಅಲ್ಲಿ ಪ್ರಶ್ನೆ ಏಳಬಹುದು. ಅಪಘಾತವಾದರೆ ವಿಮೆಯವರೂ ಅದನ್ನೇ ಹಿಡಿಯಬಹುದು.

ಕಡೆಗೆ ಮಾಡಿದ್ದೇನು?

ಅಗ್ಗದ ನಾಲ್ಕು ಟಯರಿಗೆ ಹೋದ 3,600 ರೂಪಾಯಿ ಹೋದದ್ದೇ. ಮೂಲ ಅಳತೆಯ ಹೊಸ ಟಯರ್ ಹಾಕಿಸಿದೆ. ಆಗ ಚಾಚಾ ಇನ್ನೊಂದು ವಿಷಯ ಹೇಳಿದರು. ನನ್ನ ಕಾರು ಕುಳ್ಳಗಾಗಿದ್ದಕ್ಕೆ ಕಾರಣ ಟಯರೇ ಅಲ್ಲ. ಹಿಂದಿನ ಸ್ಪ್ರಿಂಗ್ ಹಳತಾಗಿ ಕುಸಿದಿದ್ದವು. ಅವನ್ನು ಬದಲಿಸಿದ ಮೇಲೆ ಗಾಡಿ ತಾನೇ ಎದ್ದು ನಿಂತಿತು.

ಉಳಿದದ್ದು ದಾರಿ. ಅಕ್ಕಪಕ್ಕದ ಐದು ಹೊಲದವರು ಕೂಡಿ, ತಲಾ ಒಂದೊಂದು ಟ್ರೇಲರ್ ಮುರುಂ ತಂದು ಗಾಲಿಜಾಡು ತುಂಬಿ, ನಡುವಿನ ದಿಬ್ಬ ಕೆತ್ತಿದೆವು. ಒಂದೂವರೆ ದಿನದ ಕೆಲಸ. ಈಗ ಕಾರಿನ ಹೊಟ್ಟೆ ಉಜ್ಜುವುದಿಲ್ಲ. ಕಾಕಾ ಅವರ ಎತ್ತಿನ ಗಾಡಿಯೂ ಸಲೀಸಾಗಿ ಹೋಗುತ್ತದೆ. ದಾರಿ ಸರಿ ಮಾಡುವ ಕೆಲಸವನ್ನು ನಾನು ಟಯರಿಗೆ ಹಚ್ಚಿದ್ದೆ.